ಲಾಡ್ಜಿಗೆ ಬಂದವರ ವಿವರ ಎಲ್ಲಿರಬೇಕು: ರಿಜಿಸ್ಟರೋ, ಎಕ್ಸೆಲ್ಲೋ, ಸಾಫ್ಟ್‌ವೇರೋ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಬಸ್ ನಿಲ್ದಾಣದ ಆಸುಪಾಸಿನಲ್ಲೋ ಹತ್ತಿಪ್ಪತ್ತು ರೂಮಿನ ಲಾಡ್ಜ್ ನಡೆಸುವವರನ್ನು ಈಗ ಕಾಡುತ್ತಿರುವ ಪ್ರಶ್ನೆ ಇದು: ಉದ್ದದ ರಿಜಿಸ್ಟರ್ ಒಂದೇ ಸಾಕೇ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕೇ, ಇಲ್ಲವೇ ತಿಂಗಳ ಬಾಡಿಗೆ ಕಟ್ಟಿ ಹೋಟೆಲ್ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕೇ? ಈ ಮೂರರ ಜೊತೆಗೆ, ಯಾರೂ ಯೋಚಿಸಿ ಆರಿಸಿಕೊಳ್ಳದಿದ್ದರೂ ಬಹಳ ಕಡೆ ನಡೆಯುತ್ತಿರುವ ನಾಲ್ಕನೆಯ ದಾರಿಯೂ ಒಂದಿದೆ. ಮ್ಯಾನೇಜರ್ ತನ್ನ ಮೊಬೈಲಿನಲ್ಲಿ ಆಧಾರ್ ಫೋಟೋ ಹೊಡೆದು ಲಾಡ್ಜಿನ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಅದನ್ನೂ ಇಲ್ಲಿ ತೂಗಿ ನೋಡೋಣ.

ಆಯ್ಕೆಗೆ ಮುಂಚೆ ಒಂದು ವಿಂಗಡಣೆ ಆಗಬೇಕು. ಕೌಂಟರಿನಲ್ಲಿ ಬರೆದುಕೊಳ್ಳುವ ಮಾಹಿತಿಯಲ್ಲಿ ಮೂರು ಬಗೆ. ಮೊದಲನೆಯದು ಠಾಣೆಯವರು ಬಂದರೆ ತೋರಿಸಬೇಕಾದ್ದು: ಹೆಸರು, ವಿಳಾಸ, ಎಲ್ಲಿಂದ ಬಂದರು, ಎಲ್ಲಿಗೆ ಹೊರಟಿದ್ದಾರೆ, ಎಷ್ಟು ಜನ, ಗುರುತಿನ ಚೀಟಿ, ಮೊಬೈಲ್, ಗಾಡಿ ನಂಬರ್, ಬಂದ ಹೊತ್ತು, ಬಿಟ್ಟ ಹೊತ್ತು, ಸಹಿ. ಎರಡನೆಯದು ಬಿಲ್ಲಿಗೆ ಬೇಕಾದ್ದು: ದರ, ಅಡ್ವಾನ್ಸ್, ಜಿಎಸ್‌ಟಿ, ಕಂಪನಿ ಹೆಸರಿನಲ್ಲಿ ಬಿಲ್ ಕೇಳಿದರೆ ಅವರ ಜಿಎಸ್‌ಟಿ ನಂಬರ್. ಮೂರನೆಯದು ಸೇವೆಯ ಟಿಪ್ಪಣಿ: ನೆಲಮಹಡಿ ರೂಮ್ ಬೇಕು, ಬೆಳಗಿನ ಜಾವ 5ಕ್ಕೆ ಬಿಸಿನೀರು ಬೇಕು, ರಸ್ತೆ ಕಡೆಯ ರೂಮ್ ಬೇಡ.

ಈ ಮೂರಕ್ಕೂ ಆಯಸ್ಸು ಬೇರೆ ಬೇರೆ. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ರಿಜಿಸ್ಟರ್ ಎಷ್ಟು ಕಾಲ ಇರಬೇಕೆಂದು ನಿಮ್ಮ ಠಾಣೆಯಲ್ಲಿ ಕೇಳಿ, ಅದನ್ನೇ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡಿ. ಟಿಪ್ಪಣಿ ಆ ಗಿರಾಕಿ ಬರುತ್ತಿರುವಷ್ಟು ದಿನ ಮಾತ್ರ ಬೇಕು. ಮೂರನ್ನೂ ಒಂದೇ ಪುಸ್ತಕಕ್ಕೋ ಒಂದೇ ಫೈಲಿಗೋ ತುಂಬಿದರೆ ಯಾವುದನ್ನೂ ಹೊತ್ತಿಗೆ ಸರಿಯಾಗಿ ತೆಗೆದುಹಾಕಲು ಆಗುವುದಿಲ್ಲ. ಬಿಲ್ಲಿಗಾಗಿ ಆರು ವರ್ಷ ಇಟ್ಟ ಫೈಲಿನಲ್ಲಿ ಆಧಾರ್ ನಂಬರೂ ಆರು ವರ್ಷ ಕೂತಿರುತ್ತದೆ. ಸೋರಿಕೆಗೆ ಬೀಜ ಬೀಳುವುದು ಹೆಚ್ಚಾಗಿ ಇಲ್ಲೇ.

ಯಾವ ಅಳತೆಯಲ್ಲಿ ನೋಡಬೇಕು

ದರ ಕೊನೆಯಲ್ಲಿ ನೋಡಿದರೆ ಸಾಕು. ಮೊದಲು ಕೇಳಬೇಕಾದ್ದು: ರಾತ್ರಿ 11ಕ್ಕೆ ಕೌಂಟರಿನಲ್ಲಿ ಒಬ್ಬನೇ ಇರುವ ಹುಡುಗ ಯಾವ ಯಾವ ವಿವರವನ್ನು ತೆರೆದು ನೋಡಬಲ್ಲ? ನೋಡಿದರೆ ಅದರ ಗುರುತು ಎಲ್ಲಾದರೂ ಉಳಿಯುತ್ತದೆಯೇ? ಆಮೇಲೆ, ಕರೆಂಟ್ ಹೋದಾಗ, ನೆಟ್ ಹೋದಾಗ ಕೆಲಸ ನಿಲ್ಲುತ್ತದೆಯೇ? ಹಳೆಯ ಗಿರಾಕಿಯ ವಿವರ ಅರ್ಧ ನಿಮಿಷದಲ್ಲಿ ಸಿಗುತ್ತದೆಯೇ? ಬೇಡವಾದ್ದನ್ನು ಪೂರ್ತಿ ಅಳಿಸಲು ಬರುತ್ತದೆಯೇ? ನಾಳೆ ಈ ವ್ಯವಸ್ಥೆ ಬಿಟ್ಟು ಬೇರೆಯದಕ್ಕೆ ಹೋದರೆ ಮಾಹಿತಿ ನಿಮ್ಮ ಕೈಗೆ ಬರುತ್ತದೆಯೇ?

ಕಾನೂನಿನ ಅಳತೆಯೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಹಿತಿ ಇಟ್ಟುಕೊಳ್ಳುವವರ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಲಾಡ್ಜಿನವರಿಗೆ ಇದರಲ್ಲಿ ಮುಖ್ಯವಾದ ಅಂಶ ಮೂರು. ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಮಾಹಿತಿಗೆ, ಅಥವಾ ಕಾಗದದಲ್ಲಿ ಪಡೆದು ಆಮೇಲೆ ಡಿಜಿಟಲ್ ಮಾಡಿದ್ದಕ್ಕೆ. ಕಾಗದದಲ್ಲೇ ಉಳಿಯುವ ರಿಜಿಸ್ಟರ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದರ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದರೆ ಬರುತ್ತದೆ. ಎರಡನೆಯದು, ಡಿಜಿಟಲ್ ಆಗಿ ಪಡೆದ ಮಾಹಿತಿಯನ್ನೂ ಅದರ ಲಾಗನ್ನೂ (ಯಾರು ಯಾವಾಗ ನೋಡಿದರು, ಬದಲಿಸಿದರು ಎಂಬ ದಾಖಲೆ) ಕನಿಷ್ಠ ಒಂದು ವರ್ಷ ಇಡಬೇಕೆಂದು ನಿಯಮ ಹೇಳುತ್ತದೆ. ಹಾಗಾಗಿ ಇಂದು ಆಧಾರ್ ಫೋಟೋ ತೆಗೆದು ನಾಳೆ ಅಳಿಸಿದರಾಯಿತು ಎಂಬ ಲೆಕ್ಕ ನಡೆಯುವುದಿಲ್ಲ. ತೆಗೆಯದೇ ಇದ್ದರೆ ಕಾಯುವ ಹೊಣೆಯೂ ಇಲ್ಲ. ಮೂರನೆಯದು, ಮಾಹಿತಿ ಸೋರಿದರೆ ಸಂಬಂಧಪಟ್ಟ ಗಿರಾಕಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ವಿವರ ಕೊಡಬೇಕು. ಸರಿಯಾದ ಭದ್ರತೆ ಇಡದಿದ್ದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಹತ್ತು ರೂಮಿನ ಲಾಡ್ಜಿಗೆ ಅಷ್ಟು ಬೀಳದಿರಬಹುದು. ಆದರೆ ಕೌಂಟರಿನ ಕಂಪ್ಯೂಟರಿಗೂ ಹೊಣೆ ಇದೆ ಎಂಬುದು ಇದರಿಂದ ಸ್ಪಷ್ಟ.

ಗುರುತಿನ ಚೀಟಿ: ಯಾವ ದಾರಿ ಹಿಡಿದರೂ ಇದು ಒಂದೇ

ಆಧಾರ್ ಒಂದನ್ನೇ ಕೊಡಬೇಕೆಂದು ಖಾಸಗಿಯವರು ಪಟ್ಟು ಹಿಡಿಯುವಂತಿಲ್ಲ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 26ರ ತೀರ್ಪಿನ ನಂತರ ಇದು ಸ್ಪಷ್ಟವಾಗಿದೆ. ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಇವುಗಳಲ್ಲಿ ಯಾವುದಾದರೂ ಆದೀತು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರುವುದಿಲ್ಲ, ಅದು ಈ ಕೆಲಸಕ್ಕೆ ಬಾರದು. ಗಿರಾಕಿ ತಾನಾಗಿ ಆಧಾರ್ ಕೊಟ್ಟರೆ ಮೊದಲ 8 ಅಂಕೆ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೇಳಿ, ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಿಂದ ಅವರೇ ಇಳಿಸಿಕೊಳ್ಳಬಹುದು. ಅದಿಲ್ಲದಿದ್ದರೆ ಮೂಲ ಕಾರ್ಡ್ ನೋಡಿ, ಮುಖ ತಾಳೆ ಹಾಕಿ, ರಿಜಿಸ್ಟರಿನಲ್ಲಿ ‘ಆಧಾರ್, ಕೊನೆಯ 4 ಅಂಕೆ’ ಎಂದಷ್ಟೇ ಬರೆದು ಕಾರ್ಡ್ ಹಿಂದಿರುಗಿಸಿ. ಪೂರ್ತಿ ನಂಬರ್ ಬೇಕೇಬೇಕು ಎಂದು ಠಾಣೆಯವರು ಹೇಳುವ ಕಡೆ, ಆಧಾರ್ ಬದಲು ಲೈಸೆನ್ಸ್ ಅಥವಾ ಮತದಾರರ ಚೀಟಿಯ ನಂಬರ್ ಬರೆದುಕೊಳ್ಳುವುದು ಎಲ್ಲರಿಗೂ ಕ್ಷೇಮ.

ಝೆರಾಕ್ಸ್ ಇಟ್ಟುಕೊಳ್ಳಲೇಬೇಕಾದರೆ ಅದರ ಮೇಲೆ ಅಡ್ಡವಾಗಿ ಲಾಡ್ಜ್ ಹೆಸರು, ತಾರೀಖು, ‘ವಾಸ್ತವ್ಯಕ್ಕೆ ಮಾತ್ರ’ ಎಂದು ಬರೆಸಿ ಗಿರಾಕಿಯ ಸಹಿ ಹಾಕಿಸಿ. ಅಕ್ಷರ ಕಾರ್ಡಿನ ಚಿತ್ರದ ಮೇಲೇ ಹಾಯಬೇಕು. ಬದಿಯ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಮತ್ತೆ ಬಳಸಬಹುದು.

ವಿದೇಶಿಯರ ವಿಷಯ ಬೇರೆ. ಹಂಪಿಯ ದಾರಿಯಲ್ಲಿ ಏಳುಸುತ್ತಿನ ಕೋಟೆ ನೋಡಲು ಇಳಿಯುವವರಿಂದಾಗಿ ಚಿತ್ರದುರ್ಗದ ಲಾಡ್ಜುಗಳಿಗೆ ಇದು ಆಗಾಗ ಎದುರಾಗುತ್ತದೆ. ‘ಸಿ ಫಾರ್ಮ್’ ಎಂದು ಎಲ್ಲರೂ ಕರೆಯುವ ವರದಿಯನ್ನು ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು, ಪಾಸ್‌ಪೋರ್ಟ್ ಮತ್ತು ವೀಸಾ ವಿವರ ಬೇಕಾಗುತ್ತದೆ. ಲಾಡ್ಜಿನ ಹೆಸರಿನಲ್ಲಿ ಖಾತೆ ಮೊದಲೇ ತೆರೆದಿಟ್ಟುಕೊಳ್ಳಿ. ರಾತ್ರಿ ವಿದೇಶಿ ದಂಪತಿ ಕೌಂಟರಿಗೆ ಬಂದ ಮೇಲೆ ಖಾತೆಗೆ ಅರ್ಜಿ ಹಾಕಿ ಒಪ್ಪಿಗೆಗೆ ಕಾಯುತ್ತ ಕೂರಲಾಗದು.

ಕಾಗದದ ರಿಜಿಸ್ಟರ್

ಹತ್ತು ರೂಮಿನ ಲಾಡ್ಜಿನಲ್ಲಿ ದಿನಕ್ಕೆ ಆರು ಹೊಸ ನಮೂದು ಎಂದುಕೊಳ್ಳಿ. ಎದುರುಬದುರು ಎರಡು ಪುಟ ಸೇರಿ ಒಂದು ಸಾಲು, ಪುಟಕ್ಕೆ 22 ಸಾಲು ಎಂದರೆ 200 ಪುಟದ ಒಂದು ಪುಸ್ತಕ ಒಂದು ವರ್ಷಕ್ಕೆ ಸರಿಹೋಗುತ್ತದೆ. ಖರ್ಚು ಕೆಲವೇ ನೂರು ರೂಪಾಯಿ. ಕರೆಂಟ್ ಬೇಡ, ತರಬೇತಿ ಬೇಡ, ಯಾರ ಸಹಿ ಎಂಬುದು ಕಣ್ಣೆದುರೇ ಇರುತ್ತದೆ. ಪುಟಗಳಿಗೆ ಮೊದಲೇ ಅಂಕೆ ಹಾಕಿಸಿ, ನಡುವೆ ಸಾಲು ಖಾಲಿ ಬಿಡಬೇಡಿ, ತಪ್ಪಾದರೆ ವೈಟ್ನರ್ ಬಳಿಯದೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ. ತಿದ್ದಿದ ಸಾಲು ತನಿಖೆಯ ಹೊತ್ತಿನಲ್ಲಿ ಲಾಡ್ಜಿನವರ ಮೇಲೇ ಅನುಮಾನ ತರುತ್ತದೆ.

ರಿಜಿಸ್ಟರಿನ ದೊಡ್ಡ ದೋಷ ಅದನ್ನು ಇಡುವ ರೀತಿಯಲ್ಲಿದೆ. ಸಹಿಗಾಗಿ ಪುಸ್ತಕ ತಿರುಗಿಸಿ ಕೊಟ್ಟಾಗ ಮೇಲಿನ ಇಪ್ಪತ್ತು ಜನರ ಹೆಸರು, ಮೊಬೈಲ್, ರೂಮ್ ನಂಬರ್ ಹೊಸಬನ ಕಣ್ಣಿಗೆ ಬೀಳುತ್ತದೆ. ಒಂಟಿಯಾಗಿ ಬಂದ ಹೆಣ್ಣುಮಗಳ ನಂಬರನ್ನು ಮುಂದಿನವನು ಓದಿಕೊಳ್ಳಲು ಎರಡು ಸೆಕೆಂಡ್ ಸಾಕು. ಪರಿಹಾರಕ್ಕೆ ದುಡ್ಡು ಬೇಡ: ಒಂದು ಸಾಲಿನಷ್ಟೇ ಕಿಂಡಿ ಕೊರೆದ ದಪ್ಪ ರಟ್ಟನ್ನು ಪುಟದ ಮೇಲೆ ಇಟ್ಟು ಸಹಿ ಹಾಕಿಸಿ. ಪುಸ್ತಕ ಕೌಂಟರಿನ ಮೇಲೆ ಬಿದ್ದಿರದೆ ಡ್ರಾದೊಳಗಿರಲಿ.

ಇನ್ನೊಂದು ದೋಷ, ಹಳಬರನ್ನು ಹುಡುಕಲಾಗುವುದಿಲ್ಲ. ಬೀಜದ ಕಂಪನಿಯ ಪ್ರತಿನಿಧಿಯೋ ಔಷಧ ಕಂಪನಿಯವರೋ ವರ್ಷಕ್ಕೆ ಆರು ಸಲ ಬಂದರೂ ಪ್ರತಿ ಸಲ ಹೊಸಬರೇ. ಇದಕ್ಕೊಂದು ಸಣ್ಣ ಸೂಚಿ ಪುಸ್ತಕ ಮಾಡಿಕೊಳ್ಳಬಹುದು. 100 ಪುಟದ ನೋಟ್‌ಬುಕ್ಕಿನ ಪುಟಗಳಿಗೆ 00ರಿಂದ 99ರವರೆಗೆ ಅಂಕೆ ಹಾಕಿ, ಮೊಬೈಲಿನ ಕೊನೆಯ ಎರಡು ಅಂಕೆಯ ಪುಟದಲ್ಲಿ ಗಿರಾಕಿಯ ಹೆಸರು, ರಿಜಿಸ್ಟರಿನ ಪುಟ ಸಂಖ್ಯೆ ಬರೆಯುವುದು. ಹೆಸರಿನ ಅಕ್ಷರಕ್ಕಿಂತ ಇದು ಮೇಲು, ಯಾಕೆಂದರೆ ನಮ್ಮ ಕಡೆ ತಿಪ್ಪೇಸ್ವಾಮಿ, ಬಸವರಾಜ, ಮಂಜುನಾಥ ಇವರ ಪುಟಗಳು ಮೊದಲ ತಿಂಗಳಲ್ಲೇ ತುಂಬಿಬಿಡುತ್ತವೆ.

ಮೊಬೈಲ್ ಫೋಟೋ, ವಾಟ್ಸಾಪ್ ಗ್ರೂಪ್

ಖರ್ಚಿಲ್ಲ, ಬೇಗ ಮುಗಿಯುತ್ತದೆ, ಹಾಗಾಗಿ ಎಲ್ಲರಿಗೂ ಇಷ್ಟ. ಇದನ್ನು ಯಾರಿಗೂ ಶಿಫಾರಸು ಮಾಡಲಾಗದು. ಗ್ರೂಪಿಗೆ ಹಾಕಿದ ಒಂದು ಫೋಟೋ ಅದರಲ್ಲಿರುವ ಪ್ರತಿಯೊಬ್ಬರ ಫೋನಿಗೂ ಇಳಿಯುತ್ತದೆ, ಹಲವರ ಗ್ಯಾಲರಿಗೆ ತಾನಾಗಿ ಸೇರುತ್ತದೆ, ಅಲ್ಲಿಂದ ಅವರವರ ಖಾತೆಯ ಬ್ಯಾಕಪ್‌ಗೆ ಹೋಗುತ್ತದೆ. ಕೆಲಸ ಬಿಟ್ಟುಹೋದ ಹುಡುಗನನ್ನು ಗ್ರೂಪಿನಿಂದ ತೆಗೆದರೂ ಅವನ ಫೋನಿನಲ್ಲಿರುವ ನೂರಾರು ಆಧಾರ್ ಚಿತ್ರಗಳು ಅಲ್ಲೇ ಇರುತ್ತವೆ. ಅಳಿಸಿದ್ದೇವೆ ಎಂದು ನೀವು ಗಿರಾಕಿಗೆ ಪ್ರಾಮಾಣಿಕವಾಗಿ ಹೇಳುವ ದಾರಿಯೇ ಇಲ್ಲ.

ಈಗಾಗಲೇ ಇದೇ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಬುಕ್ಕಿಂಗ್ ಮಾತುಕತೆಗೆ ವಾಟ್ಸಾಪ್ ಬೇಕಾದರೆ ಲಾಡ್ಜಿನದೇ ಫೋನ್, ಲಾಡ್ಜಿನದೇ ಸಿಮ್ ಇರಲಿ, ಚಿತ್ರಗಳು ತಾನಾಗಿ ಇಳಿಯುವುದನ್ನೂ ಗ್ಯಾಲರಿಗೆ ಸೇರುವುದನ್ನೂ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ‘ಗುರುತಿನ ಚೀಟಿ ಕಳಿಸಬೇಡಿ, ಬಂದಾಗ ತೋರಿಸಿ’ ಎಂಬ ಸಾಲನ್ನು ಬುಕ್ಕಿಂಗ್ ಉತ್ತರದಲ್ಲೇ ಸೇರಿಸಿಬಿಡಿ.

ಕಂಪ್ಯೂಟರಿನಲ್ಲಿ ಎಕ್ಸೆಲ್ ಅಥವಾ ಲಿಬ್ರೆಆಫೀಸ್

ಕಂಪ್ಯೂಟರ್ ಇದ್ದರೆ ಹೆಚ್ಚುವರಿ ಖರ್ಚು ಒಂದು ಯುಪಿಎಸ್ ಮಾತ್ರ, ಲಿಬ್ರೆಆಫೀಸ್ ಉಚಿತ. ಹುಡುಕಾಟ ಸಲೀಸು, ತಿಂಗಳ ಲೆಕ್ಕ ಸಲೀಸು. 10ರಿಂದ 25 ರೂಮಿನವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಕೆಡುವ ಜಾಗಗಳು ಗೊತ್ತಿರಬೇಕು.

ನಂಬರ್ ಬರೆಯುವ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ. ಹಾಗೆ ಮಾಡದಿದ್ದರೆ ಎಕ್ಸೆಲ್ 12 ಅಂಕೆಯ ಸಂಖ್ಯೆಯನ್ನು ಇ ಅಕ್ಷರ ಸೇರಿಸಿ ಮೊಟಕು ಮಾಡಿ ತೋರಿಸುತ್ತದೆ, ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ತಾರೀಖನ್ನು ದಿನ-ತಿಂಗಳು-ವರ್ಷ ಎಂದು ನಿಗದಿ ಮಾಡಿ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 5-3 ಎಂದು ಹೊಡೆದ ಮಾರ್ಚ್ 5 ಮೇ 3 ಆಗುತ್ತದೆ, 13ನೇ ತಾರೀಖಿನಿಂದ ಮುಂದಿನವು ತಾರೀಖಾಗಿ ಗುರುತಾಗುವುದೇ ಇಲ್ಲ. ಕನ್ನಡದಲ್ಲಿ ಹೆಸರು ಬರೆಯುವವರು ಯೂನಿಕೋಡ್ ಅಕ್ಷರವನ್ನೇ ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಪಟ್ಟಿ ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ, ಹುಡುಕಲೂ ಬರುವುದಿಲ್ಲ.

‘ಪ್ರೊಟೆಕ್ಟ್ ಶೀಟ್’ ಒತ್ತಿದರೆ ಫೈಲ್ ಭದ್ರವಾಯಿತು ಎಂದು ಬಹಳ ಜನ ನಂಬಿದ್ದಾರೆ. ಅದು ತಿದ್ದುವುದನ್ನು ತಡೆಯುತ್ತದೆ, ಓದುವುದನ್ನಲ್ಲ. ಓದಲಾಗದಂತೆ ಮಾಡಲು ಫೈಲ್ ಮೆನುವಿನ ‘ಇನ್ಫೋ’ದಲ್ಲಿರುವ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಬೇಕು. ಪಾಸ್‌ವರ್ಡ್ ಮರೆತರೆ ಫೈಲ್ ಹೋದಂತೆಯೇ, ಆದ್ದರಿಂದ ಅದನ್ನು ಕಾಗದದಲ್ಲಿ ಬರೆದು ಮಾಲೀಕರ ಮನೆಯ ಬೀರುವಿನಲ್ಲಿಡಿ. ಬ್ಯಾಕಪ್ ದಿನವೂ ಆಗಲಿ, ವಾರಕ್ಕೊಮ್ಮೆ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಲಾಡ್ಜಿನಿಂದ ಹೊರಗೆ ಹೋಗಲಿ, ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ.

ಎಷ್ಟು ಮಾಡಿದರೂ ಎಕ್ಸೆಲ್ಲಿಗೆ ಒಂದು ಮಿತಿ ಇದೆ. ಒಂದೇ ಪಾಸ್‌ವರ್ಡಿನಲ್ಲಿ ಮೂವರು ಕೆಲಸ ಮಾಡಿದರೆ ಯಾರು ಏನು ನೋಡಿದರು, ಯಾರು ಬದಲಿಸಿದರು ಎಂದು ತಿಳಿಯದು. ಹಾಗಾಗಿ ಸಹಿಗೆ ಕಾಗದದ ರಿಜಿಸ್ಟರ್ ಇಟ್ಟುಕೊಂಡು, ಎಕ್ಸೆಲ್ಲಿಗೆ ಬಿಲ್ ಮತ್ತು ಟಿಪ್ಪಣಿ ಮಾತ್ರ ಕೊಡಿ. ಗುರುತಿನ ಚೀಟಿಯ ನಂಬರ್ ಅಲ್ಲಿಗೆ ಬರುವುದೇ ಬೇಡ. ಸಣ್ಣ ಲಾಡ್ಜಿಗೆ ನಮ್ಮ ಮೊದಲ ಸಲಹೆ ಈ ಜೋಡಿಯೇ.

ತಿಂಗಳ ಬಾಡಿಗೆಯ ಹೋಟೆಲ್ ಸಾಫ್ಟ್‌ವೇರ್

ಬುಕ್ಕಿಂಗ್, ಬಿಲ್, ರೂಮ್ ಸ್ಥಿತಿ, ಗಿರಾಕಿಯ ಇತಿಹಾಸ ಎಲ್ಲ ಒಂದೆಡೆ. ಆನ್‌ಲೈನ್ ಬುಕ್ಕಿಂಗ್ ಕಂಪನಿಗಳ ಜೊತೆ ಜೋಡಣೆ ಇರುವುದರಿಂದ ಒಂದೇ ರೂಮ್ ಇಬ್ಬರಿಗೆ ಹೋಗುವುದು ತಪ್ಪುತ್ತದೆ. ಕೆಲಸಗಾರರಿಗೆ ಬೇರೆ ಬೇರೆ ಲಾಗಿನ್, ಬೇರೆ ಬೇರೆ ಅಧಿಕಾರ ಕೊಡಬಹುದು: ರೂಮ್ ಬಾಯ್‌ಗೆ ರೂಮ್ ನಂಬರ್ ಮತ್ತು ಟಿಪ್ಪಣಿ ಮಾತ್ರ, ಕೌಂಟರಿಗೆ ಇಂದಿನ ಗಿರಾಕಿಗಳು ಮಾತ್ರ, ಹಳೆಯದೆಲ್ಲ ಮಾಲೀಕರಿಗೆ. ಈ ಸೌಲಭ್ಯವನ್ನು ಬಳಸದೆ ಎಲ್ಲರಿಗೂ ‘ಅಡ್ಮಿನ್’ ಕೊಟ್ಟರೆ ದುಡ್ಡು ಕೊಟ್ಟು ಎಕ್ಸೆಲ್ ಕೊಂಡಂತೆ.

ದರ ಸಾಮಾನ್ಯವಾಗಿ ರೂಮುಗಳ ಲೆಕ್ಕದಲ್ಲಿ ಇರುತ್ತದೆ. ಬುಕ್ಕಿಂಗ್ ಜೋಡಣೆಗೆ, ಎಸ್ಸೆಮ್ಮೆಸ್ಸಿಗೆ, ತರಬೇತಿಗೆ ಬೇರೆ ದುಡ್ಡು ಇದೆಯೇ ಎಂದು ಬರಹದಲ್ಲಿ ಕೇಳಿ. ಮಾರುವವರಿಗೆ ಇನ್ನೂ ನಾಲ್ಕು ಪ್ರಶ್ನೆ ಹಾಕಿ. ಬಿಟ್ಟುಹೋಗುವಾಗ ಪೂರ್ತಿ ಮಾಹಿತಿಯನ್ನು ಎಕ್ಸೆಲ್ಲಿನಲ್ಲಿ ತೆರೆಯುವ ರೂಪದಲ್ಲಿ ಕೊಡುತ್ತೀರಾ? ಯಾರು ಯಾವ ವಿವರ ನೋಡಿದರೆಂಬ ಲಾಗ್ ಒಂದು ವರ್ಷ ಇರುತ್ತದೆಯೇ? ಗುರುತಿನ ಚೀಟಿಯ ಚಿತ್ರ ಹಾಕದೆಯೇ ಚೆಕ್‌ಇನ್ ಮಾಡಬಹುದೇ? ಅವಧಿ ಮುಗಿದದ್ದು ತಾನಾಗಿ ಅಳಿಯುವಂತೆ ಇಡಬಹುದೇ? ಮೂರನೆಯದಕ್ಕೆ ‘ಇಲ್ಲ, ಚಿತ್ರ ಕಡ್ಡಾಯ’ ಎಂದರೆ ಆ ಸಾಫ್ಟ್‌ವೇರ್ ಬೇಡ.

ದೊಡ್ಡವರ ಕೈಯಲ್ಲಿದೆ, ಹಾಗಾಗಿ ಭದ್ರ ಎಂಬ ಭಾವನೆಗೆ ಅಮೆರಿಕದ ದೊಡ್ಡ ಹೋಟೆಲ್ ಸಂಸ್ಥೆಯಾದ ಮ್ಯಾರಿಯಟ್‌ ಪ್ರಕರಣ ಉತ್ತರ. 2018ರ ನವೆಂಬರ್ 30ರಂದು ಆ ಸಂಸ್ಥೆ ಪ್ರಕಟಿಸಿದ ಪ್ರಕಾರ, ತಾನು ಕೊಂಡಿದ್ದ ಇನ್ನೊಂದು ಹೋಟೆಲ್ ಸಂಸ್ಥೆ ಸ್ಟಾರ್‌ವುಡ್‌ನ ಬುಕ್ಕಿಂಗ್ ವ್ಯವಸ್ಥೆಯೊಳಗೆ 2014ರಿಂದಲೂ ಕಳ್ಳರು ನುಸುಳಿದ್ದರು. 50 ಲಕ್ಷಕ್ಕೂ ಹೆಚ್ಚು ಪಾಸ್‌ಪೋರ್ಟ್ ಸಂಖ್ಯೆಗಳು ಗೂಢಲಿಪಿ ಇಲ್ಲದೆ ಹಾಗೇ ಇದ್ದವು. 2020ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 1 ಕೋಟಿ 84 ಲಕ್ಷ ಪೌಂಡ್ ದಂಡ ಹಾಕಿತು.

ನಮ್ಮ ಕಡೆಯ ಅಪಾಯ ಇನ್ನೂ ಸರಳ. ಬುಕ್ಕಿಂಗ್ ಕಂಪನಿಯ ಹೆಸರಿನಲ್ಲಿ ‘ಗಿರಾಕಿ ದೂರು ಕೊಟ್ಟಿದ್ದಾರೆ, ಇಲ್ಲಿ ಒತ್ತಿ’ ಎಂಬ ಮೇಲ್ ಬರುತ್ತದೆ. ಒತ್ತಿ ಪಾಸ್‌ವರ್ಡ್ ಹಾಕಿದರೆ ನಿಮ್ಮ ಖಾತೆ ವಂಚಕರ ಕೈ ಸೇರಿ, ನಿಮ್ಮ ಗಿರಾಕಿಗಳಿಗೆ ನಿಮ್ಮದೇ ಹೆಸರಿನಲ್ಲಿ ‘ಮತ್ತೆ ಹಣ ಕಟ್ಟಿ’ ಎಂಬ ಸಂದೇಶ ಹೋಗುತ್ತದೆ. ಎರಡು ಹಂತದ ಒಟಿಪಿ ಹಾಕಿಸಿ, ಮೇಲ್‌ನಲ್ಲಿ ಬಂದ ಕೊಂಡಿ ಒತ್ತದೆ ವಿಳಾಸವನ್ನು ನೀವೇ ಬರೆದು ತೆರೆಯುವ ಅಭ್ಯಾಸ ಮಾಡಿಸಿ. ನೆಟ್ ಹೋದ ರಾತ್ರಿಗಾಗಿ ಸಂಜೆ 6ಕ್ಕೆ ಅಂದಿನ ಬುಕ್ಕಿಂಗ್ ಪಟ್ಟಿಯ ಒಂದು ಪ್ರಿಂಟ್ ತೆಗೆದಿಟ್ಟು, ಮರುದಿನ ಹರಿದು ಹಾಕಿ.

ಟಿಪ್ಪಣಿ: ಏನು ಬರೆಯಬೇಕು, ಏನು ಬರೆಯಬಾರದು

ದಾವಣಗೆರೆಯ ಲಾಡ್ಜುಗಳಿಗೆ ಆಸ್ಪತ್ರೆಗೆ ಬಂದವರ ಕಡೆಯವರು ವಾರಗಟ್ಟಲೆ ಇರಲು ಬರುತ್ತಾರೆ, ಮಕ್ಕಳನ್ನು ಕಾಲೇಜಿಗೆ ಸೇರಿಸಲು ತಂದೆತಾಯಿ ಬರುತ್ತಾರೆ. ಇವರ ಬಗ್ಗೆ ಬರೆದಿಡುವಾಗ ಒಂದೇ ಸೂತ್ರ ಇಟ್ಟುಕೊಳ್ಳಿ: ಬೇಕಾದ ಸೇವೆಯನ್ನು ಬರೆಯಿರಿ, ಅದರ ಹಿಂದಿನ ಕಾರಣವನ್ನು ಬರೆಯಬೇಡಿ. ‘ಹೆಂಡತಿಗೆ ಕ್ಯಾನ್ಸರ್ ಚಿಕಿತ್ಸೆ’ ಎಂದು ಬರೆಯುವ ಬದಲು ‘ನೆಲಮಹಡಿ, ಕಮೋಡ್ ಇರುವ ರೂಮ್, ಗಂಜಿಗೆ ಬಿಸಿನೀರು’. ‘ಜಗಳಗಂಟ’ ಎಂಬುದರ ಬದಲು ‘ಬಿಲ್ ಮೊದಲೇ ವಿವರಿಸಿ’. ಜಾತಿ, ಧರ್ಮದ ಊಹೆ, ಜೊತೆಗಿದ್ದವರು ಯಾರು ಎಂಬ ಅನುಮಾನ, ಕುಡಿತದ ವಿಷಯ ಯಾವುದೂ ಟಿಪ್ಪಣಿಗೆ ಬರಬಾರದು. ಕಾಯ್ದೆಯ ಪ್ರಕಾರ ತನ್ನ ಬಗ್ಗೆ ಏನಿದೆ ಎಂದು ಕೇಳುವ, ತಿದ್ದಿಸುವ, ಅಳಿಸಲು ಹೇಳುವ ಹಕ್ಕು ಗಿರಾಕಿಗೆ ಇರುತ್ತದೆ. ಅವರ ಎದುರೇ ಗಟ್ಟಿಯಾಗಿ ಓದಿ ಹೇಳಲಾಗದ ಸಾಲನ್ನು ಬರೆಯಬೇಡಿ.

‘ನಮ್ಮ ಭಾವ ನಿಮ್ಮಲ್ಲಿ ಇಳಿದಿದ್ದಾರಾ, ಯಾವ ರೂಮು?’ ಎಂದು ಫೋನ್ ಬಂದರೆ ಹೌದು ಎಂದೂ ಇಲ್ಲ ಎಂದೂ ಹೇಳದೆ, ಹೆಸರು ನಂಬರ್ ಬರೆದುಕೊಂಡು ‘ಇದ್ದರೆ ತಿಳಿಸುತ್ತೇವೆ ಸರ್’ ಎನ್ನುವುದನ್ನು ಕೌಂಟರಿನವರಿಗೆ ಕಲಿಸಿ. ಪೊಲೀಸರು ಬಂದರೆ ರಿಜಿಸ್ಟರ್ ತೋರಿಸಿ, ಬಂದವರ ಹೆಸರು, ಠಾಣೆ, ಹೊತ್ತು, ನೋಡಿದ ತಾರೀಖುಗಳನ್ನು ಬೇರೊಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಪುಸ್ತಕವನ್ನೇ ಒಯ್ಯುವುದಾದರೆ ಲಿಖಿತ ಸೂಚನೆ ಮತ್ತು ರಸೀದಿ ಕೇಳುವುದು ನಿಮ್ಮ ಹಕ್ಕು.

ಯಾರಿಗೆ ಯಾವುದು

ಹತ್ತು ರೂಮಿನೊಳಗೆ, ಬಸ್ಸಿಳಿದು ನೇರ ಬರುವವರೇ ಹೆಚ್ಚು, ಮಾಲೀಕರೇ ಕೌಂಟರಿನಲ್ಲಿ ಕೂರುತ್ತಾರೆ ಎಂದಾದರೆ ರಿಜಿಸ್ಟರ್, ಕಿಂಡಿಯ ರಟ್ಟು, ಸೂಚಿ ಪುಸ್ತಕ ಸಾಕು. ಉಳಿದ ದುಡ್ಡನ್ನು ಬೀಗವಿರುವ ಒಂದು ಕಬ್ಬಿಣದ ಬೀರುವಿಗೆ ಹಾಕಿ. 10ರಿಂದ 25 ರೂಮ್, ಮತ್ತೆ ಮತ್ತೆ ಬರುವ ಕಂಪನಿ ಪ್ರತಿನಿಧಿಗಳು, ಜಿಎಸ್‌ಟಿ ಬಿಲ್ ಕೇಳುವವರು ಹೆಚ್ಚಿದ್ದರೆ ರಿಜಿಸ್ಟರ್ ಜೊತೆ ಎಕ್ಸೆಲ್. ನಾಯಕನಹಟ್ಟಿ ಜಾತ್ರೆಯ ಕಾಲಕ್ಕೆ ಒಂದೇ ದಿನ ತುಂಬಿಹೋಗುವ ಚಳ್ಳಕೆರೆ ಕಡೆಯ ಲಾಡ್ಜಿಗೂ ಇದೇ ಸರಿ. ನೂಕುನುಗ್ಗಲಿನಲ್ಲಿ ಕಾಗದವೇ ವೇಗ, ಎಕ್ಸೆಲ್ಲಿಗೆ ಮರುದಿನ ಏರಿಸಬಹುದು.

25 ರೂಮ್ ದಾಟಿದ್ದರೆ, ಇಲ್ಲವೇ ಬುಕ್ಕಿಂಗ್‌ನ ದೊಡ್ಡ ಪಾಲು ಆನ್‌ಲೈನಿನಿಂದ ಬರುತ್ತಿದ್ದರೆ, ಇಲ್ಲವೇ ಮೂರು ಪಾಳಿಯಲ್ಲಿ ಬೇರೆ ಬೇರೆ ಜನ ಕೂರುತ್ತಿದ್ದರೆ ಸಾಫ್ಟ್‌ವೇರಿನ ಬಾಡಿಗೆ ದಂಡವಲ್ಲ. ರೂಮ್ ಕಡಿಮೆ ಇದ್ದರೂ ಮಾಲೀಕರು ಬೆಂಗಳೂರಿನಲ್ಲಿದ್ದು ಲಾಡ್ಜ್ ಇಲ್ಲಿದ್ದರೆ ಅವರಿಗೂ ಇದೇ ಬೇಕು, ಯಾಕೆಂದರೆ ದೂರದಿಂದ ಕಣ್ಣಿಡಲು ಲಾಗ್ ಬಿಟ್ಟರೆ ಬೇರೆ ದಾರಿ ಇಲ್ಲ.

ಬದಲಾಯಿಸುವವರು ಮೊದಲ 30 ದಿನ ಹಳೆಯದನ್ನೂ ಹೊಸದನ್ನೂ ಜೊತೆಗೇ ನಡೆಸಿ, ರಾತ್ರಿ ಮಲಗುವ ಮುನ್ನ ತುಂಬಿದ ರೂಮುಗಳ ಎಣಿಕೆ ಎರಡರಲ್ಲೂ ತಾಳೆಯಾಗುತ್ತದೆಯೇ ನೋಡಿ. ಹಳೆಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಆಸೆ ಬೇಡ. ಆ ವಿವರಗಳ ಹೊಣೆಯನ್ನು ಹೊಸದಾಗಿ ತಲೆಗೆ ಕಟ್ಟಿಕೊಂಡಂತಾಗುತ್ತದೆ. ಅವಧಿ ಮುಗಿದ ಝೆರಾಕ್ಸ್ ಕಟ್ಟುಗಳು ರದ್ದಿ ಅಂಗಡಿಗೆ ಹೋಗಬಾರದು, ಅಲ್ಲಿಂದ ಅವು ಪೊಟ್ಟಣ ಕಟ್ಟುವ ಕಾಗದವಾಗಿ ಊರು ಸುತ್ತುತ್ತವೆ. ಅಡ್ಡಡ್ಡ ಕತ್ತರಿಸುವ ಸಣ್ಣ ಶ್ರೆಡರ್ ಇದ್ದರೆ ಅದರಲ್ಲಿ ಹಾಕಿ. ಇಲ್ಲದಿದ್ದರೆ ಕಟ್ಟು ಬಿಚ್ಚಿ ಬಕೆಟ್ ನೀರಿನಲ್ಲಿ ಎರಡು ದಿನ ನೆನೆಸಿ, ಕಲಸಿ ಮುದ್ದೆ ಮಾಡಿ ಕಸದ ಗಾಡಿಗೆ ಕೊಡಿ. ಎಷ್ಟು ಕಟ್ಟು, ಯಾವ ವರ್ಷದ್ದು, ಯಾವ ದಿನ ನಾಶವಾಯಿತು ಎಂದು ಒಂದು ಸಾಲು ಬರೆದು ಮಾಲೀಕರು ಸಹಿ ಹಾಕಲಿ.